ಹವಾ ದಿನಚರಿ, ಹನ್ನೊಂದನೇ ವಾರ: ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ನಡುವಿನ ಅಂತರ

ನವೆಂಬರ್ ಕೊನೆಯಲ್ಲಿ ಆರಂಭಿಸಿದ ಈ ದಿನಚರಿಗೆ ಈಗ ಹನ್ನೊಂದು ವಾರ ತುಂಬಿದೆ. ಯಲಹಂಕದ ನಮ್ಮ ಮನೆಯ ತಾರಸಿಯ ಮೇಲೆ ಬೆಳಿಗ್ಗೆ ಆರು ಗಂಟೆಗೆ ನಿಂತು, ಗಾಳಿ, ಮೋಡ ಮತ್ತು ಗೋಚರತೆಯನ್ನು ಕಣ್ಣಳತೆಯಲ್ಲಿ ಬರೆದುಕೊಂಡು, ಆ ಬಳಿಕವಷ್ಟೇ ಕೆಂಪೇಗೌಡ ವಿಮಾನ ನಿಲ್ದಾಣದ ಮೆಟಾರ್ ವರದಿಯನ್ನು (ಪೈಲಟ್‌ಗಳಿಗಾಗಿ ಸಂಕೇತಗಳಲ್ಲಿ ಬರೆಯುವ ನಿಲ್ದಾಣದ ಹವಾ ವರದಿ) ತೆರೆಯುತ್ತೇನೆ. ಈ ಕ್ರಮವನ್ನು ನಾನು ಬದಲಿಸುವುದಿಲ್ಲ. ವರದಿಯನ್ನು ಮೊದಲೇ ಓದಿದರೆ ಅದರಲ್ಲಿರುವುದನ್ನೇ ಕಣ್ಣು ಹುಡುಕತೊಡಗುತ್ತದೆ. ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ನಡೆಸುವ ವಾಣಿಜ್ಯ ಪೈಲಟ್ ಪರೀಕ್ಷೆಯ ಹವಾಮಾನ ಪತ್ರಿಕೆಯಲ್ಲಿ ತೇರ್ಗಡೆಯಾಗಲು ಶೇ. 70 ಅಂಕ ಬೇಕು. ಆದರೆ ಅಂಕಕ್ಕಿಂತ ಮಿಗಿಲಾಗಿ, ರನ್‌ವೇಯತ್ತ ಹೊರಡುವ ಮುನ್ನ ಆಕಾಶವನ್ನು ನಾನೇ ಓದಬಲ್ಲವನಾಗಿರಬೇಕು ಎಂಬುದು ನನ್ನ ಆಸೆ.

ಮೊದಲಿಗೆ ಒಂದು ತಿದ್ದುಪಡಿ. ಮೆಟಾರ್‌ನಲ್ಲಿ ದಿನಾಂಕ ಮತ್ತು ವೇಳೆ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ವೇಳೆಯಲ್ಲಿ, ಇರುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ನಮ್ಮ ಬೆಳಗಿನ ಐದು ಗಂಟೆಯ ವರದಿಯ ಮೇಲೆ ಹಿಂದಿನ ದಿನಾಂಕವೂ 2330 ಎಂಬ ವೇಳೆಯೂ ಇರುತ್ತವೆ. ಮೊದಲ ಎರಡು ವಾರ ಇದನ್ನು ಗಮನಿಸದೆ ನಸುಕಿನ ವರದಿಗಳನ್ನೆಲ್ಲ ಹಿಂದಿನ ದಿನದ ಪುಟದಲ್ಲಿ ಬರೆದಿದ್ದೆ. ಅವನ್ನು ಈ ವಾರ ಸರಿಯಾದ ಪುಟಗಳಿಗೆ ವರ್ಗಾಯಿಸಿದ್ದೇನೆ.

ಈ ಹನ್ನೊಂದು ವಾರಗಳ ಮುಖ್ಯ ಕೆಲಸ ಮಂಜಿನದು. ಡಿಸೆಂಬರ್‌ನಲ್ಲಿ ನಾನು ಇಟ್ಟುಕೊಂಡಿದ್ದ ನಿಯಮ ತೀರ ಸರಳವಾಗಿತ್ತು: ರಾತ್ರಿ ಹತ್ತು ಗಂಟೆಗೆ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ತಣಿಯುವ ಗಾಳಿಯಲ್ಲಿನ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಮೂರು ಡಿಗ್ರಿಗಿಂತ ಹೆಚ್ಚು ಅಂತರವಿಲ್ಲದಿದ್ದರೆ ಬೆಳಿಗ್ಗೆ ಮಂಜು ಕವಿಯುತ್ತದೆ. ಈ ನಿಯಮ ಹಲವು ಬಾರಿ ತಪ್ಪಿತು. ತಪ್ಪಿದ ದಿನಗಳ ವರದಿಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದಾಗ ಕಾರಣ ಕಂಡಿತು. ಕೆಲವು ರಾತ್ರಿ ಮೋಡದ ಹೊದಿಕೆಯಿತ್ತು. ನೆಲ ಹೊರಸೂಸುವ ಶಾಖವನ್ನು ಮೋಡ ತಡೆದು ಮರಳಿಸುವುದರಿಂದ ನೆಲವೂ ಅದಕ್ಕೆ ತಾಗಿದ ಗಾಳಿಯೂ ಸಾಕಷ್ಟು ತಣಿಯಲಿಲ್ಲ. ಉಳಿದ ರಾತ್ರಿಗಳಲ್ಲಿ ಎಂಟು–ಹತ್ತು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿ ಬೀಸುತ್ತಿತ್ತು; ಅದು ನೆಲದ ತಂಪನ್ನು ಮೇಲಿನ ಬೆಚ್ಚನೆಯ ಗಾಳಿಯೊಂದಿಗೆ ಬೆರೆಸಿಬಿಡುತ್ತಿತ್ತು. ಆದ್ದರಿಂದ ಜನವರಿಯಿಂದ ಮೂರು ಷರತ್ತುಗಳನ್ನೂ ಒಟ್ಟಿಗೆ ನೋಡುತ್ತಿದ್ದೇನೆ: ಕಿರಿದಾದ ಅಂತರ, ನಿರಭ್ರ ಆಕಾಶ, ಐದು ನಾಟ್‌ಗಿಂತ ಕಡಿಮೆ ಗಾಳಿ. ಅಂದಿನಿಂದ ಊಹೆ ಗಮನಾರ್ಹವಾಗಿ ಸುಧಾರಿಸಿದೆ.

ಪದಗಳ ಬಗೆಗೂ ಒಂದು ನಿರ್ಧಾರ ಮಾಡಬೇಕಾಯಿತು. ನಾವು ಮಾತಿನಲ್ಲಿ ಎಲ್ಲವನ್ನೂ ಮಂಜು ಎಂದೇ ಕರೆಯುತ್ತೇವೆ, ಆದರೆ ವರದಿಯ ಪ್ರಕಾರ ಗೋಚರತೆ 1000 ಮೀಟರ್‌ಗಿಂತ ಕಡಿಮೆಯಾದಾಗ ಮಾತ್ರ ಮಂಜು, ಅದರ ಸಂಕೇತ ಎಫ್‌ಜಿ; ಅದಕ್ಕಿಂತ ಮೇಲೆ 5000 ಮೀಟರ್‌ವರೆಗೆ ಬಿಆರ್. ಎರಡನೆಯದನ್ನು ದಿನಚರಿಯಲ್ಲಿ ತೆಳುಮಂಜು ಎಂದು ಬರೆಯುತ್ತಿದ್ದೇನೆ.

ಜನವರಿಯ ಒಂದು ಬೆಳಗು ನನಗೆ ಬಹಳ ಕಲಿಸಿತು. ಆರು ಗಂಟೆಗೆ 1500 ಮೀಟರ್ ಇದ್ದ ಗೋಚರತೆ, ಸೂರ್ಯ ಹುಟ್ಟಿದ ಮೇಲೆ ಹೆಚ್ಚುವ ಬದಲು ಏಳು ಗಂಟೆಗೆ 600 ಮೀಟರ್‌ಗೆ ಇಳಿಯಿತು. ಎಳೆಬಿಸಿಲು ಹುಲ್ಲಿನ ಮೇಲಿನ ಇಬ್ಬನಿಯನ್ನು ಆವಿಯಾಗಿಸಿ ಗಾಳಿಗೆ ಇನ್ನಷ್ಟು ತೇವ ಸೇರಿಸುತ್ತದೆ. ಜೊತೆಗೆ ಏಳುವ ನಸು ಅಲುಗಾಟ ನೆಲಕ್ಕಂಟಿದ ತೆಳುಪದರವನ್ನು ಮೇಲಕ್ಕೆ ಹರಡಿ ದಪ್ಪವಾಗಿಸುತ್ತದೆ. ಬಿಸಿಲು ಬಂದಿತು, ಇನ್ನು ಹೊರಡಬಹುದು ಎಂದು ಭಾವಿಸುವ ಸಮಯವೇ ಅತ್ಯಂತ ಅಪಾಯದ್ದಾಗಿರಬಹುದು ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಎದುರು ಸಾಲಿನ ತೆಂಗಿನ ಮರಗಳು ಒಂದೊಂದಾಗಿ ಕಾಣೆಯಾಗುವುದನ್ನು ನೋಡಿದ ಮೇಲೆಯೇ ಅದು ಮನಸ್ಸಿನಲ್ಲಿ ನಿಂತಿತು.

ಅದೇ ಅಂತರವನ್ನು ಈಗ ಹಗಲಿನಲ್ಲಿಯೂ ಬಳಸಲು ಆರಂಭಿಸಿದ್ದೇನೆ. ಮೇಲೇರುವ ಒಣಗಾಳಿ ಪ್ರತಿ 1000 ಅಡಿಗೆ ಸುಮಾರು ಮೂರು ಡಿಗ್ರಿ ತಣಿಯುತ್ತದೆ, ಅದರ ಇಬ್ಬನಿ ಬಿಂದು ಅರ್ಧ ಡಿಗ್ರಿಯಷ್ಟು ಮಾತ್ರ ಇಳಿಯುತ್ತದೆ. ಆದ್ದರಿಂದ ಅಂತರದ ಪ್ರತಿ ಡಿಗ್ರಿಗೆ 400 ಅಡಿಯಂತೆ ಲೆಕ್ಕಹಾಕಿದರೆ ಹತ್ತಿಯುಂಡೆಯಂತಹ ಕ್ಯುಮ್ಯುಲಸ್ ಮೋಡಗಳ ತಳ ಸಿಗುತ್ತದೆ. ಉಷ್ಣಾಂಶ 24, ಇಬ್ಬನಿ ಬಿಂದು 18 ಇದ್ದರೆ ತಳ ಸುಮಾರು 2400 ಅಡಿ. ಹಾಸುಮೋಡಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಈ ಎತ್ತರವೂ ವರದಿಯಲ್ಲಿರುವ ಮೋಡದ ಎತ್ತರವೂ ನಿಲ್ದಾಣದ ನೆಲದಿಂದ ಅಳೆದವು. ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಕ್ಯೂಎನ್‌ಎಚ್ (ಸಮುದ್ರಮಟ್ಟದಿಂದ ಎತ್ತರ ತೋರಿಸಲು ಬಳಸುವ ಒತ್ತಡದ ಅಂಕಿ) ಹೊಂದಿಸಿದ ಆಲ್ಟಿಮೀಟರ್, ಅಂದರೆ ವಿಮಾನದ ಎತ್ತರಮಾಪಕ, ಆ ಮೋಡದ ತಳದಲ್ಲಿ 5400 ತೋರಿಸುತ್ತದೆ.

ಬಿಸಿಗಾಳಿ ತೆಳುವಾಗುವುದರಿಂದ ವಿಮಾನಕ್ಕೆ ನಿಲ್ದಾಣ ಎಷ್ಟು ಎತ್ತರದಲ್ಲಿದ್ದಂತಾಗುತ್ತದೆ ಎಂಬ ಒಂದು ಲೆಕ್ಕವನ್ನು ಬೇಸಿಗೆಗೆ ಮುನ್ನವೇ ಪುಟದ ತಲೆಯಲ್ಲಿ ಬರೆದಿಟ್ಟಿದ್ದೇನೆ. 3000 ಅಡಿಯಲ್ಲಿ ಪ್ರಮಾಣಿತ ಉಷ್ಣಾಂಶ (ವಿಮಾನಯಾನದ ಲೆಕ್ಕಗಳಿಗೆ ಮಾದರಿಯಾಗಿ ಇಟ್ಟುಕೊಂಡದ್ದು) 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಆದರೆ ವ್ಯತ್ಯಾಸ 25, ಡಿಗ್ರಿಗೆ 120 ಅಡಿಯಂತೆ ಇನ್ನೂ 3000 ಅಡಿ ಸೇರುತ್ತದೆ. ಎಂಜಿನ್‌ಗೂ ರೆಕ್ಕೆಗೂ ಅದು 6000 ಅಡಿಯ ತೆಳುಗಾಳಿ, ಮೇಲೇರುವ ಮುನ್ನ ರನ್‌ವೇ ಮೇಲಿನ ಓಟವೂ ಅಷ್ಟಕ್ಕೆ ತಕ್ಕಂತೆ ಉದ್ದವಾಗುತ್ತದೆ.

ಮುಂದಿನ ವಾರದಿಂದ ಹಿಂದಿನ ಸಂಜೆಯ ಟ್ಯಾಫ್ ಮುನ್ಸೂಚನೆಗೂ (ವಿಮಾನ ನಿಲ್ದಾಣದ ಹವಾ ಮುನ್ಸೂಚನೆ) ಒಂದು ಅಂಕಣ ತೆರೆಯುತ್ತೇನೆ. ನನ್ನ ಊಹೆ, ಮುನ್ಸೂಚನೆ, ಬೆಳಗಿನ ಮೆಟಾರ್, ಈ ಮೂರೂ ಒಂದೇ ಸಾಲಿನಲ್ಲಿರುತ್ತವೆ. ಮಂಜಿನ ಪುಟಗಳನ್ನು ಫೆಬ್ರುವರಿ ಕೊನೆಯವರೆಗೆ ಮುಂದುವರಿಸಿ, ಮಾರ್ಚ್‌ನಿಂದ ಮಧ್ಯಾಹ್ನ ಮೂರು ಗಂಟೆಯ ಮೋಡಗಳತ್ತ ಹೊರಳುತ್ತೇನೆ.