ಬಸುರಿಯಾದವಳು ಮಾತ್ರೆ ನುಂಗಬಹುದೇ?

ಮಧುಗಿರಿಯಲ್ಲಿ ಔಷಧಿ ಅಂಗಡಿ ನಡೆಸುವ ನನಗೆ ವಾರಕ್ಕೆ ಎರಡು ಮೂರು ಬಾರಿಯಾದರೂ ಎದುರಾಗುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಅತ್ತೆಯೋ ತಾಯಿಯೋ ಆಗಿರುತ್ತಾರೆ. ಬಸುರಿಯಾದ ಹೆಣ್ಣುಮಗಳು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ. ಯಾವ ಮಾತ್ರೆ, ಎಷ್ಟನೆಯ ತಿಂಗಳು, ಅದನ್ನು ಬಿಟ್ಟರೆ ಯಾವ ಕಾಯಿಲೆ ಹಾಗೆಯೇ ಉಳಿಯುತ್ತದೆ ಎಂಬ ಮೂರನ್ನೂ ತಿಳಿಯದೆ ಹೌದೆಂದಾಗಲಿ ಇಲ್ಲವೆಂದಾಗಲಿ ನಾನು ಹೇಳಲಾರೆ.

ಅವರ ಭಯ ಸುಳ್ಳಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ಔಷಧವನ್ನು ಬಸುರಿಯರ ವಾಕರಿಕೆಗೂ ಕೊಡಲಾಯಿತು. 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಂಡರೂ, ಅದರಿಂದಾಗಿ ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದರು. ಇಂದಿಗೂ ಸೊಂಟನೋವೆಂದು ಬಂದ ಬಸುರಿಗೆ ನಾನು ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೊಡುವುದಿಲ್ಲ. 20 ವಾರ ದಾಟಿದ ಮೇಲೆ ಅಂಥ ಮಾತ್ರೆಗಳು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡಬಲ್ಲವು.

ಆದರೆ ಮಾತ್ರೆ ಬಿಟ್ಟು ಕೆಟ್ಟವರನ್ನೂ ಕಂಡಿದ್ದೇನೆ. ಫಿಟ್ಸ್‌ಗೆ ವ್ಯಾಲ್‌ಪ್ರೊಯೇಟ್ ನುಂಗುತ್ತಿದ್ದ ಒಬ್ಬಾಕೆ ಎರಡನೆಯ ತಿಂಗಳಲ್ಲಿ ಯಾರಿಗೂ ಹೇಳದೆ ಅದನ್ನು ನಿಲ್ಲಿಸಿದಳು. ಹತ್ತೇ ದಿನದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಹಣೆ ಒಡೆದುಕೊಂಡಳು. ಅವಳ ಭಯಕ್ಕೆ ಆಧಾರವಿತ್ತು, ಏಕೆಂದರೆ ಆ ಔಷಧ ನುಂಗಿದ ತಾಯಂದಿರ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದೋಷವಿರುತ್ತದೆ. ಅದಕ್ಕಿರುವ ದಾರಿಯೆಂದರೆ, ಸಾಧ್ಯವಾದರೆ ಬಸುರಿಯಾಗುವ ಮೊದಲೇ, ನರರೋಗದ ವೈದ್ಯರ ಬಳಿ ಔಷಧಿ ಬದಲಿಸಿಕೊಳ್ಳುವುದು. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತಾಗಬಹುದು. ಥೈರಾಯ್ಡ್ ಮಾತ್ರೆಯನ್ನಂತೂ ಬಿಡಲೇಬಾರದು. ಬಸಿರಿನಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗುವುದೇ ಹೆಚ್ಚು. ಫೋಲಿಕ್ ಆಮ್ಲದ ಮಾತ್ರೆಯನ್ನು ಮಗು ಬೇಕೆಂದುಕೊಂಡಾಗಲೇ ಆರಂಭಿಸಬೇಕು, ಏಕೆಂದರೆ ಮಗುವಿನ ಬೆನ್ನುಹುರಿಯಾಗುವ ನಾಳ ಗರ್ಭ ಕಟ್ಟಿದ 28 ದಿನಗಳೊಳಗೆ, ಎಷ್ಟೋ ಸಲ ತಾಯಿಗೆ ಗೊತ್ತಾಗುವ ಮೊದಲೇ, ಮುಚ್ಚಿಕೊಳ್ಳುತ್ತದೆ.

ಕಳೆದ ತಿಂಗಳು ಒಬ್ಬ ಅತ್ತೆ ಕೈಚೀಲದಿಂದ ಸರ್ಕಾರಿ ಆಸ್ಪತ್ರೆಯ ಕೆಂಪು ಐರನ್ ಮಾತ್ರೆಯ ಮೂರು ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಮಾತ್ರೆಯನ್ನೂ ಬಿಡಿಸಿರಲಿಲ್ಲ. "ಇದನ್ನ ನುಂಗಿದ್ರೆ ಮಗು ಕಪ್ಪಗೆ ಹುಟ್ಟುತ್ತಂತಲ್ಲಣ್ಣ?" ಎಂದರು. ಮೈಗೆ ಹತ್ತದೆ ಉಳಿದ ಕಬ್ಬಿಣದಿಂದ ಮಲ ಕಪ್ಪಾಗುತ್ತದೆಯೇ ಹೊರತು ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೂ, ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕೆಂದೂ, ರಕ್ತ ಕಡಿಮೆಯಿರುವವಳು ಹೆರಿಗೆಯ ರಕ್ತಸ್ರಾವವನ್ನು ತಡೆದುಕೊಳ್ಳಲಾರಳೆಂದೂ ಹೇಳಿದೆ. ಆಮೇಲೆ ಸೊಸೆಯ ಕಡೆ ತಿರುಗಿ, "ನೀನ್ಯಾಕಮ್ಮ ನುಂಗಲಿಲ್ಲ?" ಎಂದು ಕೇಳಿದೆ.

"ಬೆಳಿಗ್ಗೆ ನುಂಗಿದ್ರೆ ವಾಂತಿ ಬರುತ್ತೇನೋ ಅಂತ ಭಯ ಅಣ್ಣ," ಎಂದಳು.

ರಾತ್ರಿ ಊಟವಾದ ಮೇಲೆ ನುಂಗು, ಅದರ ಜೊತೆ ಟೀಯನ್ನಾಗಲಿ ಕ್ಯಾಲ್ಸಿಯಂ ಮಾತ್ರೆಯನ್ನಾಗಲಿ ಸೇರಿಸಬೇಡ ಎಂದು ಹೇಳಿ, ಮೂರು ಪಟ್ಟಿಗಳನ್ನೂ ಅವಳ ಕೈಗೇ ಕೊಟ್ಟೆ.