ಜಿಗ್ಗಿ ಮೇಲೆ ಒಂದು ತಕರಾರು

ಇವತ್ತು ಅಡುಗೆ ಮಾಡುತ್ತಾ ಇಂಗ್ಲಿಷ್ ರಾಕ್ ಗಾಯಕ ಡೇವಿಡ್ ಬೋವಿಯ ‘ಜಿಗ್ಗಿ ಸ್ಟಾರ್‌ಡಸ್ಟ್’ ಹಾಕಿಕೊಂಡೆ. 1972ರ ಆಲ್ಬಂ, ಜಿಗ್ಗಿ ಅನ್ನೋ ಕಾಲ್ಪನಿಕ ರಾಕ್ ತಾರೆಯ ಕತೆ. ಎಷ್ಟು ವರ್ಷಗಳಿಂದ ಕೇಳುತ್ತಿದ್ದೇನೋ!

‘ಫೈವ್ ಇಯರ್ಸ್’ ಶುರುವಾದ ತಕ್ಷಣ ಒಗ್ಗರಣೆ ಸೌಟು ಕೈಯಲ್ಲೇ ನಿಂತಿತು. ಮೊದಲು ಬರೀ ಡ್ರಮ್. ದೂರದಿಂದ ನಡೆದು ಬಂದ ಹಾಗೆ, ನಿಧಾನಕ್ಕೆ ಹತ್ತಿರವಾಗುತ್ತೆ. ಬೋವಿ ಮೆಲ್ಲಗೆ ಶುರು ಮಾಡುತ್ತಾನೆ, ಕೊನೆಗೆ ಗಂಟಲು ಹರಿಯುವಂತೆ ಕೂಗುತ್ತಾನೆ. ಆಮೇಲೆ ಮತ್ತೆ ಅದೇ ಡ್ರಮ್. ಈಗಲೂ ಮೈ ಜುಮ್ಮೆನ್ನುತ್ತೆ.

ಆದರೆ ಮೊದಲ ಸೈಡಿನ ಕೊನೆಗೆ ಬಂದಾಗ ಪ್ರತಿ ಸಲ ಬೇಜಾರು. ‘ಇಟ್ ಏಂಟ್ ಈಸಿ’ ಯಾಕೆ ಬೇಕಿತ್ತು? ಅದು ರಾನ್ ಡೇವಿಸ್ ಬರೆದ ಹಾಡು. ಜಿಗ್ಗಿಯ ಕತೆಗೂ ಅದಕ್ಕೂ ಸಂಬಂಧವೇ ಇಲ್ಲ. ಈ ಆಲ್ಬಂನ ಹಾಡುಗಳ ಜೊತೆಗೇ ರೆಕಾರ್ಡ್ ಆದ ‘ವೆಲ್ವೆಟ್ ಗೋಲ್ಡ್‌ಮೈನ್’ ಮಾತ್ರ ಹೊರಗೆ ಉಳಿಯಿತು. ಅನ್ಯಾಯ ಅಲ್ವಾ?

ಇನ್ನೊಂದು, ಸೌಂಡ್ ಸ್ವಲ್ಪ ತೆಳು. ಇಷ್ಟು ಜೋರು ಹಾಡುಗಳಿಗೆ ಇನ್ನೂ ದಪ್ಪ ಬೇಸ್ ಬೇಕಿತ್ತು ಅನ್ನಿಸುತ್ತೆ.

ಅಷ್ಟಾದರೂ ‘ಮೂನೇಜ್ ಡೇಡ್ರೀಮ್’ ಕೊನೆಯಲ್ಲಿ ಬೋವಿಯ ಗಿಟಾರಿಸ್ಟ್ ಮಿಕ್ ರಾನ್ಸನ್‌ನ ಗಿಟಾರ್ ಮೇಲೇರುತ್ತಲ್ಲ, ಅಲ್ಲಿ ನನ್ನ ತಕರಾರೆಲ್ಲ ಬಾಯಿ ಮುಚ್ಚಿಕೊಳ್ಳುತ್ತೆ. ಆ ತಂತಿಗಳು ಅಷ್ಟು ಹೊತ್ತು ಅಳುವಂತೆ ಮಾಡೋಕೆ ಅವನಿಗೇ ಸಾಧ್ಯ. ಆ ಹಾಡಿನ ಸ್ಟ್ರಿಂಗ್ಸ್ (ಪಿಟೀಲು ಥರದ ವಾದ್ಯಗಳ ಭಾಗ) ಹೊಂದಿಸಿದವನೂ ಅವನೇ. ಹೆಸರು ಬೋವಿಗೆ ಬಂತು, ಸರಿ. ರಾನ್ಸನ್ ಬಗ್ಗೆ ಇನ್ನೂ ಜಾಸ್ತಿ ಮಾತಾಡಬೇಕು ನಾವು.