ಸ್ಪಿತಿಯ ಕಲ್ಲುದಾರಿಗೆ ಹೊರಡುವ ಪಿಕಪ್‌ಗೆ ಎಂಥ ಶಾಕ್ ಅಬ್ಸಾರ್ಬರ್ ಬೇಕು?

ಹಿಮಾಚಲ ಪ್ರದೇಶದ ಮನಾಲಿಯಿಂದ ಸ್ಪಿತಿ ಕಣಿವೆಯ ಕಾಜಾಗೆ ಸುಮಾರು 200 ಕಿಲೋಮೀಟರ್ ದಾರಿ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಪಾಸ್ ಏರುವ ಶ್ರಮ ತಪ್ಪಿದೆಯಾದರೂ, ಕೋಕ್ಸರ್ ದಾಟಿ ಗ್ರಾಮ್‌ಫೂ ಬಳಿ ಕಾಜಾ ರಸ್ತೆಗೆ ತಿರುಗಿದ ಮೇಲೆ ಛತ್ರು, ಬಾತಲ್ ಕಡೆಗೆ ಚಂದ್ರಾ ನದಿಯ ಪಕ್ಕದಲ್ಲಿ ನಮಗೆ ಸಿಕ್ಕಿದ್ದು ಬಹುಪಾಲು ಉರುಟುಗಲ್ಲು ಮತ್ತು ರಸ್ತೆಯ ಮೇಲೆಯೇ ಹರಿಯುವ ಹಳ್ಳಗಳು. ನಮ್ಮದು ಇಸುಜು ವಿ-ಕ್ರಾಸ್ ಪಿಕಪ್. ಮುಂದೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್, ಹಿಂದೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್. ಅದರ ಮೂಲ ಶಾಕ್ ಅಬ್ಸಾರ್ಬರ್‌ಗಳು ಸವೆದಿದ್ದರಿಂದ ಹೊರಡುವ ಮೊದಲೇ ನಾಲ್ಕನ್ನೂ ಬದಲಾಯಿಸಿದೆವು.

ಅಂಗಡಿಗೆ ಹೋಗುವ ಮೊದಲು ಗಾಡಿಯನ್ನು ವೇ ಬ್ರಿಡ್ಜ್‌ಗೆ (ವಾಹನ ತೂಗುವ ಕಟ್ಟೆಗೆ) ಒಯ್ಯಿರಿ ಎಂಬುದು ನನ್ನ ಮೊದಲ ಸಲಹೆ. ಡೀಸೆಲ್, ನೀರು, ಟೆಂಟು, ಬಿಡಿ ಚಕ್ರ, ಜನ ಎಲ್ಲವನ್ನೂ ತುಂಬಿಸಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು (ಚಕ್ರಗಳ ಅಚ್ಚುಗಳನ್ನು) ಬೇರೆಬೇರೆಯಾಗಿ ತೂಗಿಸಬೇಕು. ಪಿಕಪ್‌ನಲ್ಲಿ ಸಾಮಾನಿನ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ. ಆ ಭಾರವನ್ನು ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್‌ನ ಕೆಲಸ ಸ್ಪ್ರಿಂಗಿನ ಕುಣಿತವನ್ನು ಹಿಡಿಯುವುದು. ಹಿಂಭಾಗ ಕುಸಿದಿದೆಯೆಂದು ಗಟ್ಟಿಯಾದ ಶಾಕ್ ಹಾಕಿಸಿದರೆ ಕುಸಿತ ಹಾಗೆಯೇ ಉಳಿಯುತ್ತದೆ, ಸವಾರಿ ಮಾತ್ರ ಒರಟಾಗುತ್ತದೆ. ಹಾಗೆಯೇ ಭಾರದ ಸ್ಪ್ರಿಂಗ್ ಹಾಕಿಸಿದವರು ಅದರ ಮರುಜಿಗಿತವನ್ನು ತಡೆಯಬಲ್ಲ ಶಾಕ್‌ಗಳನ್ನೇ ಜೊತೆಗೆ ಕೊಳ್ಳಬೇಕು.

ಈ ದಾರಿಯಲ್ಲಿ ಶಾಕ್‌ಗಳನ್ನು ಸೋಲಿಸುವುದು ದೊಡ್ಡ ಗುಂಡಿಗಳಿಗಿಂತ ಹೆಚ್ಚಾಗಿ ಗಂಟೆಗಟ್ಟಲೆ ನಿಲ್ಲದ ಸಣ್ಣ ಕುಲುಕಾಟ. ಪಿಸ್ಟನ್ನಿನ ಕಿರಿದಾದ ಕವಾಟಗಳಲ್ಲಿ ಎಣ್ಣೆ ನುಸುಳುವಾಗ ಹುಟ್ಟುವ ತಡೆಯೇ ಸ್ಪ್ರಿಂಗನ್ನು ಹತೋಟಿಗೆ ತರುತ್ತದೆ, ಆ ಶಕ್ತಿಯೆಲ್ಲ ಶಾಖವಾಗಿ ಎಣ್ಣೆಗೆ ಸೇರುತ್ತದೆ. ಎಣ್ಣೆ ಕಾದು ತೆಳುವಾಗಿ, ಅನಿಲದೊಂದಿಗೆ ಬೆರೆತು ನೊರೆಯೆದ್ದಿತೆಂದರೆ ತಡೆ ಕುಗ್ಗಿ ಗಾಡಿ ತೇಲಾಡತೊಡಗುತ್ತದೆ. ಒಂದೇ ಕೊಳವೆಯ ಮಾನೋಟ್ಯೂಬ್ ಶಾಕ್‌ನಲ್ಲಿ ಹೆಚ್ಚಿನ ಒತ್ತಡದ ನೈಟ್ರೋಜನ್ನನ್ನು ತೇಲುವ ಪಿಸ್ಟನ್ ಎಣ್ಣೆಯಿಂದ ಬೇರ್ಪಡಿಸುತ್ತದೆ. ಎಣ್ಣೆಯಿರುವ ಕೊಳವೆಗೇ ಗಾಳಿ ತಾಗುವುದರಿಂದ ಅದು ಬೇಗ ತಣಿಯುತ್ತದೆ. ಆದರೆ ಅದೇ ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳಬಹುದು. ಕೊಳವೆಯೊಳಗೆ ಕೊಳವೆಯಿರುವ ಟ್ವಿನ್ ಟ್ಯೂಬ್‌ನಲ್ಲಿ ಪಿಸ್ಟನ್ ಓಡಾಡುವುದು ಒಳಗಿನ ಕೊಳವೆಯಲ್ಲಾದ್ದರಿಂದ, ಹೊರಗಿನದು ಸ್ವಲ್ಪ ನಜ್ಜಾದರೂ ಕೆಲಸ ನಡೆಯುತ್ತದೆ. ಹಿಂದಿನ ಶಾಕ್‌ಗಳು ಕಲ್ಲಿಗೆ ಮೈಯೊಡ್ಡಿ ನಿಂತಿರುವುದನ್ನು ನೋಡಿ ನಾವು ದೊಡ್ಡ ವ್ಯಾಸದ, ದಪ್ಪ ತಗಡಿನ ಟ್ವಿನ್ ಟ್ಯೂಬ್‌ಗಳನ್ನೇ ಆರಿಸಿದೆವು. ನಿಧಾನವಾಗಿ ಸಾಗುವ, ಭಾರ ಹೊತ್ತ ಗಾಡಿಗೆ ಇದೇ ಸರಿಯೆಂದು ಈಗಲೂ ನನ್ನ ಅಭಿಪ್ರಾಯ. ಮರಳುಗಾಡಿನಲ್ಲಿ ವೇಗವಾಗಿ ಓಡಿಸುವವರು ಮಾನೋಟ್ಯೂಬ್ ಕೊಳ್ಳಲಿ.

ಉದ್ದದ ವಿಷಯದಲ್ಲಿ ಅಂಗಡಿಯವರ ಮಾತನ್ನು ಮಾತ್ರ ನಂಬಬೇಡಿ. ಶಾಕ್ ಪೂರ್ತಿ ಮಡಚುವ ಮೊದಲೇ ಆಕ್ಸಲ್ ತನ್ನ ಮೇಲೇರಿಕೆಯನ್ನು ತಡೆಯುವ ರಬ್ಬರ್ ತುಂಡಿಗೆ, ಅಂದರೆ ಬಂಪ್ ಸ್ಟಾಪ್‌ಗೆ, ತಾಗಬೇಕು. ಇಲ್ಲವಾದರೆ ಪ್ರತಿ ಹೊಡೆತವೂ ಶಾಕ್‌ನ ಒಳಗೇ ಬೀಳುತ್ತದೆ. ಗಾಡಿಯನ್ನು 40ರಿಂದ 50 ಮಿಲಿಮೀಟರ್ ಎತ್ತರಿಸುವವರು ಚಕ್ರ ಕೆಳಗಿಳಿದಾಗ ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ಕೊಳವೆ) ಎಳೆದಂತಾಗುತ್ತದೆಯೇ, ಚಕ್ರ ತಿರುಗಿಸುವ ಮುಂದಿನ ಡ್ರೈವ್ ಶಾಫ್ಟ್‌ಗಳ ಕೋನ ಅತಿಯಾಗಿದೆಯೇ ಎಂದು ನೋಡಿಸಬೇಕು. ಅದಕ್ಕಿಂತ ಹೆಚ್ಚು ಎತ್ತರ ಈ ದಾರಿಗೆ ಬೇಕಿಲ್ಲ.

ಜೋಡಣೆಯಲ್ಲಿ ಶಾಕ್‌ನ ತುದಿಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಗಾಡಿ ಜಾಕ್ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರಗಳು ನೆಲಕ್ಕಿಳಿದು ಭಾರ ಬಿದ್ದ ಮೇಲೆ ಕೊನೆಯ ಬಿಗಿತ ಕೊಡದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೊಮ್ಮೆ ಬಿಗಿತ ನೋಡಿಸಿ.

ಮನಾಲಿ ಬಿಟ್ಟರೆ ಮುಂದಿನ ಡೀಸೆಲ್ ಕಾಜಾದಲ್ಲೇ, ಹಾಗಾಗಿ ಟ್ಯಾಂಕ್ ತುಂಬಿಸಿಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಹಳ್ಳಗಳು ಉಕ್ಕುವುದರಿಂದ ಬೆಳಗ್ಗೆಯೇ ಅವನ್ನು ದಾಟಿ ಬಾತಲ್ ಸೇರುವುದು ಕ್ಷೇಮ. ಅಲ್ಲಿ ಚಹಾಕ್ಕೆ ನಿಂತಾಗ ಅಂಗೈಯನ್ನು ನಾಲ್ಕೂ ಶಾಕ್‌ಗಳ ಹತ್ತಿರ ಒಯ್ದು ನೋಡಿ. ಒಂದೇ ಆಕ್ಸಲ್‌ನ ಎರಡೂ ಹೆಚ್ಚುಕಡಿಮೆ ಒಂದೇ ಸಮನೆ ಬೆಚ್ಚಗಿರಬೇಕು. ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ. ರಾಡ್‌ನ ಬಳಿ ಧೂಳು ಅಂಟಿದ ತೆಳು ಜಿಡ್ಡಿಗೆ ಹೆದರಬೇಕಿಲ್ಲ, ಕೆಳಕ್ಕೆ ಹರಿದ ಎಣ್ಣೆಯ ಗೆರೆ ಕಂಡರೆ ಸೋರಿಕೆಯೆಂದೇ ತಿಳಿಯಿರಿ. ಹಾಗೇನಾದರೂ ಆದಲ್ಲಿ ಕುಂಜುಮ್ ಪಾಸನ್ನು ನಿಧಾನವಾಗಿ ದಾಟಿ ಕಾಜಾ ಸೇರಿ, ಮನಾಲಿಗೆ ಇದೇ ದಾರಿಯಲ್ಲಿ ಮರಳದೆ ಟಾಬೊ, ನಾಕೊ ಮೂಲಕ ಕಿನ್ನೌರ್ ಕಡೆಗೆ ಇಳಿಯುವುದು ಲೇಸು.